ತಗಡಿನ ಮೇಲೆ ತಗಡು

ಸುಗ್ಗಿ ಮುಗಿದ ಮೇಲೆ ಪಿಕಪ್ಪನ್ನು ಒಮ್ಮೆ ಸರಿಯಾಗಿ ತೊಳೆಯುವುದು ನಮ್ಮ ಮನೆಯ ರೂಢಿ. ಈ ಸಲ ಮಾರ್ಚ್ ಮೊದಲ ವಾರ ಅಂಗಳದಾಚೆ ಗಾಡಿ ನಿಲ್ಲಿಸಿ, ಮೋಟಾರಿನ ಪೈಪು ಹಿಡಿದು ಹಿಂದಿನ ಬಾಡಿಯ ಮೇಲೆ ನೀರು ಬಿಟ್ಟೆ. ಅಡಿಕೆ ಸಿಪ್ಪೆ, ಗೊಬ್ಬರದ ಪುಡಿ, ಹಾಳೆಯ ಚೂರು ಎಲ್ಲ ಕೊಚ್ಚಿ ಹೋಯಿತು. ಪೈಪು ಸುತ್ತಿಟ್ಟು, ಕಾಫಿ ಕುಡಿದು ಬಂದು ನೋಡಿದರೆ ಗಾಡಿಯಡಿ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಬಿಸಿಲಿಗೆ ಮೇಲೆಲ್ಲ ಒಣಗಿದೆ, ಕೆಳಗೆ ಮಾತ್ರ ಹನಿ ನಿಂತಿಲ್ಲ. ಅದೂ ಕಣ್ಣ ಕಾಫಿಯ ಬಣ್ಣದ ನೀರು. ಮಧ್ಯಾಹ್ನದ ಊಟದ ಹೊತ್ತಿಗೂ ಬೀಳುತ್ತಲೇ ಇತ್ತು.

ಇಷ್ಟು ನೀರು ಎಲ್ಲಿ ಕೂತಿತ್ತು ಅಂತ ಯೋಚಿಸಿದಾಗ ನೆನಪಾಗಿದ್ದು ಅಪ್ಪಯ್ಯ ಹಾಕಿಸಿದ ತಗಡು. ಗಾಡಿ 2009ರ ಮಾಡೆಲ್. ಏಳೆಂಟು ವರ್ಷಕ್ಕೇ ಹಿಂದಿನ ತಳದಲ್ಲಿ ಅಲ್ಲಲ್ಲಿ ತುಕ್ಕು ಎದ್ದು, ಒಂದು ಕಡೆ ಕಾಸಿನಗಲದ ತೂತಾಗಿತ್ತು. ಅಪ್ಪಯ್ಯ ಅದಕ್ಕೆ ಕಂಡುಕೊಂಡ ಪರಿಹಾರ ಬಹಳ ಸರಳ. ಇಡೀ ತಳಕ್ಕೆ ಒಂದು ಚೆಕರ್ ಪ್ಲೇಟ್, ಅಂದರೆ ಮೇಲೆ ಉಬ್ಬುಗೆರೆ ಇರುವ ದಪ್ಪ ತಗಡು, ಹಾಸಿ, ಸುತ್ತ ಗೇಣಿಗೊಂದರಂತೆ ವೆಲ್ಡಿಂಗ್ ಚುಕ್ಕೆ ಇಡಿಸಿದರು. ತೂತು ಮುಚ್ಚಿತು, ಗಾಡಿ ಗಟ್ಟಿಯಾಯಿತು, ನೋಡಲಿಕ್ಕೂ ಚೆನ್ನಾಗಿತ್ತು. ಊರಲ್ಲಿ ನಾಲ್ಕು ಜನ ಅದನ್ನು ನೋಡಿ ತಮ್ಮ ಗಾಡಿಗೂ ಹಾಗೇ ಹಾಕಿಸಿದರು. ಅವರೆಲ್ಲ ಈಗ ಏನು ಮಾಡುತ್ತಿದ್ದಾರೋ, ಕೇಳುವ ಧೈರ್ಯ ನನಗಿಲ್ಲ.

ಗಾಡಿಯಡಿ ಮಲಗಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಒಳ್ಳೆಯ ತಗಡು ಠಣ್ ಎನ್ನುತ್ತದೆ. ಇದು ಹಳೆಯ ಹಲಸಿನಹಣ್ಣು ಬಡಿದ ಹಾಗೆ ದಬ್ ಎಂದಿತು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದ್ದೇ ತಡ, ಹಿಡಿಯ ತನಕ ಒಳಗೆ ಹೋಯಿತು. ಮುಖದ ಮೇಲೆ ಒಂದು ಹಿಡಿ ಕೆಂಪು ಪುಡಿ.

ಅಪ್ಪಯ್ಯನಿಗೆ ತೋರಿಸಿದೆ. ಬಗ್ಗಿ ನೋಡಿ, "ಎಂತಕ್ಕೆ ಅದನ್ನೆಲ್ಲ ಕೆದಕೋದು? ಮೇಲೆ ಇನ್ನೊಂದು ತಗಡು ಹೊಡೆಸಿದ್ರೆ ಆಯ್ತಪ್ಪ" ಅಂದರು.

ನಮ್ಮೂರಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಬ್ಬ ಭಾಯ್ ಟಿಂಕರಿಂಗ್ ಶೆಡ್ ಇಟ್ಟಿದ್ದಾರೆ. ಅರವತ್ತು ದಾಟಿದ ವಯಸ್ಸು, ಕಿವಿ ಸ್ವಲ್ಪ ಮಂದ, ಅದು ಸುತ್ತಿಗೆಯ ಕೊಡುಗೆ. ಕೊಡಚಾದ್ರಿ ಹತ್ತುವ ಜೀಪುಗಳಿಗೆ ನೆಲ ಕೂರಿಸಿ ಕೂರಿಸಿಯೇ ಅವರ ಕೈ ಪಳಗಿದ್ದು. ಅವರು ಗಾಡಿ ನೋಡಲು ಬಂದಾಗ ಕೈಯಲ್ಲಿದ್ದದ್ದು ಹಳೆಯ ಸ್ಪೀಕರಿನಿಂದ ಬಿಚ್ಚಿದ ಒಂದು ಆಯಸ್ಕಾಂತ, ಅಷ್ಟೆ. ಅದನ್ನು ಬಾಡಿಯ ಪಕ್ಕದ ತಗಡಿನ ಮೇಲೆ ಸರಿಸುತ್ತಾ ಹೋದರು. ಕೆಲವು ಕಡೆ ಗಪ್ಪನೆ ಕಚ್ಚಿತು, ಹಿಂದಿನ ಚಕ್ರದ ಮೇಲ್ಭಾಗಕ್ಕೆ ಬಂದಾಗ ಜಾರಿ ಕೆಳಗೆ ಬಿತ್ತು. "ಇಲ್ಲಿ ತಗಡಿಲ್ಲ ತಮ್ಮಾ, ಬರೀ ಪುಟ್ಟಿ" ಅಂದರು. ಉಗುರಲ್ಲಿ ಕೆರೆದಾಗ ಬೆರಳು ದಪ್ಪದ ಪುಟ್ಟಿ ಹಪ್ಪಳದ ಹಾಗೆ ಕಿತ್ತು ಬಂತು. ಒಳಗೆ ಸುರುಳಿ ಸುತ್ತಿ ತುರುಕಿದ್ದ ಗೋಣಿಚೀಲದ ಚೂರು. ಯಾವುದೋ ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮುಂಚೆ ಪೇಂಟ್ ಮಾಡಿಸಲು ಕೊಟ್ಟಾಗ ಯಾರೋ ಪುಣ್ಯಾತ್ಮ ಮಾಡಿದ ಕೆಲಸ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ನಮ್ಮ ಕಡೆ ಎಫ್‌ಸಿ ಅಂದರೆ ಪೇಂಟ್ ಅಂತಲೇ ಅರ್ಥ. ತುಕ್ಕು ಉಜ್ಜದೆ, ಮಣ್ಣು ತೆಗೆಯದೆ, ಸಂಜೆ ಒಳಗೆ ಮಿರಮಿರ ಮಿಂಚುವ ಹಾಗೆ ಒಂದು ಕೋಟಿಂಗ್. ನಮ್ಮ ಗಾಡಿಯ ಅಂಚಿನಲ್ಲಿ ಎದ್ದ ಚಕ್ಕೆಯೊಂದನ್ನು ಅಡ್ಡಲಾಗಿ ಹಿಡಿದು ನೋಡಿದರೆ ಬಿಳಿ, ಕೆನೆ, ಮತ್ತೆ ಬಿಳಿ, ನಡುನಡುವೆ ಕೆಂಪು ಗೆರೆ. ಬಣ್ಣದ ಅಡಿಯಲ್ಲಿ ತುಕ್ಕು ಬದುಕಿದ್ದರೆ ಆ ಬಣ್ಣ ಅದಕ್ಕೆ ಹೊದಿಕೆಯಾಗುತ್ತದೆ ಹೊರತು ಕಬ್ಬಿಣಕ್ಕೆ ಕವಚ ಆಗುವುದಿಲ್ಲ.

ಅಪ್ಪಯ್ಯ ಅಲ್ಲೂ ಬಿಡಲಿಲ್ಲ. "ಮೇಲೊಂದು ಶೀಟು ಹಾಕಿದ್ರೆ ಆಗಲ್ವನಾ?"

"ಗೌಡ್ರೆ, ಮೇಲೆ ಶೀಟು ಹಾಕಿದ್ದಕ್ಕೇ ಕೆಳಗಿಂದು ಹೋಗಿದ್ದು. ಈಗ ಇನ್ನೊಂದು ಹಾಕಿ, ಮೂರೂ ಒಟ್ಟಿಗೇ ಹೋಗ್ತವೆ."

ಭಾಯ್ ಇಷ್ಟರಲ್ಲೇ ಮುಗಿಸಿದ ಮಾತಿನ ಹಿಂದಿನ ಕಾರಣ ಸ್ವಾರಸ್ಯದ್ದು. ಬಟ್ಟಬಯಲಲ್ಲಿರುವ ತಗಡು ನೆನೆದರೂ ಬೇಗ ಒಣಗುತ್ತದೆ. ಎರಡು ತಗಡಿನ ಸಂದಿಯಲ್ಲಿ ಸೇರಿದ ನೀರು ವಾರಗಟ್ಟಲೆ ಅಲ್ಲೇ ಕೂರುತ್ತದೆ. ಗಾಳಿ ಬೇಕಾದಷ್ಟು ಸಿಗುವ ಅಂಚಿಗೂ ಗಾಳಿ ಸಿಗದ ಒಳಭಾಗಕ್ಕೂ ನಡುವೆ ಒಂದು ಪುಟ್ಟ ಬ್ಯಾಟರಿಯೇ ಶುರುವಾಗಿ, ಗಾಳಿ ಸಿಗದ ಕಡೆಯ ಕಬ್ಬಿಣ ಸವೆಯುತ್ತಾ ಹೋಗುತ್ತದೆ. ತುಕ್ಕಿಗೆ ಗಾಳಿ ಬೇಕು ಅಂತ ಶಾಲೆಯಲ್ಲಿ ಓದಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ಆದರೆ ಆಗುವುದು ಹೀಗೆಯೇ. ಅದರ ಮೇಲೆ ಗೊಬ್ಬರದ ಉಪ್ಪಿನಂಶ ಸೇರಿದರೆ ನೀರಿನಲ್ಲಿ ಕರೆಂಟು ಇನ್ನೂ ಸಲೀಸಾಗಿ ಹರಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಸಂದಿ ಅಗಲವಾಗುತ್ತದೆ, ಅಗಲವಾದಷ್ಟೂ ನೀರು. ಹಳೆಯ ಸಿಮೆಂಟ್ ಕಂಬಗಳು ಸರಳಿನುದ್ದಕ್ಕೂ ಸೀಳಿ ಬಿಡುವುದೂ ಇದೇ ಕಾರಣಕ್ಕೆ.

ಮರುದಿನದಿಂದ ಬಾಡಿ ಬಿಚ್ಚುವ ಕೆಲಸ. ಬಿಚ್ಚುವುದು ಅನ್ನುವುದು ಮರ್ಯಾದೆಯ ಮಾತು. ಹದಿನೈದು ಮಳೆಗಾಲ ಕಂಡ ಬೋಲ್ಟುಗಳಲ್ಲಿ ಒಂದಾದರೂ ಸ್ಪ್ಯಾನರಿಗೆ ಬಗ್ಗಬೇಕಲ್ಲ. ಎರಡು ದಿನ ಡೀಸೆಲ್ ಕುಡಿಸಿ, ಕಾಯಿಸಿ, ಬಡಿದು, ಕೊನೆಗೆ ಎಂಟರಲ್ಲಿ ಆರನ್ನು ಗ್ಯಾಸಿನಲ್ಲಿ ಕತ್ತರಿಸಿದ್ದಾಯಿತು. ಹತ್ತು ಜನ ಸೇರಿ ಅಡಿಕೆ ದಬ್ಬೆ ತೂರಿಸಿ ಬಾಡಿ ಎತ್ತಿ ಕಲ್ಲುಗಳ ಮೇಲಿಟ್ಟೆವು. ಭಾಯ್ ಗ್ರೈಂಡರ್ ಹಿಡಿದು ಚೆಕರ್ ಪ್ಲೇಟಿನ ಚುಕ್ಕೆಗಳನ್ನು ಒಂದೊಂದಾಗಿ ಕೊಯ್ದರು. ಪ್ಲೇಟು ಎತ್ತಿದಾಗ ಅದರಡಿ ತಳವೇ ಇರಲಿಲ್ಲ. ಇದ್ದದ್ದು ಪದರ ಪದರವಾಗಿ ಎದ್ದ ಕೆಂಪು ಕಪ್ಪು ಹಪ್ಪಳ, ಅದರ ನಡುವೆ ಒದ್ದೆ ಮಣ್ಣು, ಆ ಮಣ್ಣಿನಲ್ಲಿ ಒಂದು ಎರೆಹುಳು. ಭಾಯ್ ಅದನ್ನು ಕಡ್ಡಿಯಲ್ಲಿ ಎತ್ತಿ ದಾಸವಾಳದ ಬುಡಕ್ಕೆ ಹಾಕಿದರು.

ಅಪ್ಪಯ್ಯ ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಹೇಳದೆ ತೋಟಕ್ಕೆ ಹೋದರು.

ತುಕ್ಕು ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಮುಂದಿನ ಗೋಡೆಯ ಬುಡದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಕೊಳೆತು ಕೂತು ಉದ್ದಕ್ಕೂ ಒಂದು ಗೆರೆ ಹೋಗಿತ್ತು. ಚಕ್ರದ ಮೇಲಿನ ಕಮಾನಿನಲ್ಲಿ ಟಯರು ಎರಚಿದ ಕೆಸರು ಗಟ್ಟಿಯಾಗಿ, ಒಳಗಿಂದ ಹೊರಗೆ ತಿಂದಿತ್ತು. ನನಗೆ ಅರ್ಥವಾಗದೆ ಉಳಿದದ್ದು ಎಡಗಡೆಯ ಹಿಂದಿನ ಮೂಲೆ. ಅಲ್ಲಿ ತಗಡು ಉಳಿದೆಲ್ಲ ಕಡೆಗಿಂತ ತೆಳ್ಳಗಾಗಿ, ಅಂಚು ಬ್ಲೇಡಿನಷ್ಟು ಚೂಪಾಗಿತ್ತು, ಮತ್ತು ತುಕ್ಕಿನ ನಡುವೆ ಅಲ್ಲಲ್ಲಿ ಹಸಿರು ನೀಲಿ ಕಲೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಅದು ಔಷಧಿ ಡ್ರಮ್ಮು ಇಡುವ ಜಾಗ.

ಅಡಿಕೆ ಬೆಳೆಯುವವರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆ ರೋಗದ ಜಾಡು ಹಿಡಿದು, ಇದನ್ನು ಮಲೆನಾಡಿನ ರೈತರಿಗೆ ಕಲಿಸಿದಾಗಿನಿಂದ ನಾವು ಹೊಡೆಯುತ್ತಲೇ ಇದ್ದೇವೆ. ದ್ರಾವಣ ಹದವಾಗಿದೆಯೋ ಇಲ್ಲವೋ ನೋಡಲು ಹಳಬರು ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಿದ್ದರು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅಪ್ಪಯ್ಯ ಈಗಲೂ ಹಾಗೇ ನೋಡುವುದು. ತಾಮ್ರ ಕೂತಿತು ಅಂದರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಯಿತು ಅಂತ. ಕತ್ತಿಯಲ್ಲಿ ಅರ್ಧ ನಿಮಿಷ ಆಗುವುದು ನಮ್ಮ ಪಿಕಪ್ಪಿನ ಮೂಲೆಯಲ್ಲಿ ಹದಿನೈದು ವರ್ಷ ನಡೆದಿತ್ತು. ಮೈಲುತುತ್ತ ಕದಡಿದ ಡ್ರಮ್ಮು, ಗುಂಡಿ ರಸ್ತೆ, ತುಳುಕಿದ ನೀಲಿ ನೀರು. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತ ಕದಡಬಾರದು ಅಂತ ನನಗೆ ಕಲಿಸಿದ್ದೇ ಅಪ್ಪಯ್ಯ. ಪಿಕಪ್ಪೂ ಒಂದು ಕಬ್ಬಿಣದ ಪಾತ್ರೆ ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಕೊಯ್ಯುವುದು ಎಲ್ಲಿಯವರೆಗೆ ಅನ್ನುವುದೇ ಈ ಕೆಲಸದಲ್ಲಿ ಕಷ್ಟದ ಪ್ರಶ್ನೆ. ನಾನು ಸೀಮೆಸುಣ್ಣದಲ್ಲಿ ತೂತಿನ ಸುತ್ತ ಗೆರೆ ಎಳೆದೆ. ಭಾಯ್ ಅದನ್ನು ಅಂಗೈಯಲ್ಲಿ ಒರೆಸಿ ಒಂದು ಗೇಣು ಹೊರಗೆ ಎಳೆದರು. ನನಗೆ ಹೊಟ್ಟೆ ಉರಿಯಿತು, ಅಲ್ಲಿ ತಗಡು ಚೆನ್ನಾಗಿಯೇ ಕಾಣುತ್ತಿತ್ತಲ್ಲ. ಅವರು ಗ್ರೈಂಡರಿಗೆ ಬ್ರಷ್ ಹಾಕಿ ಆ ಜಾಗ ಉಜ್ಜಿ ತೋರಿಸಿದರು. ಬೆಳ್ಳಗಾದ ತಗಡಿನ ಮೇಲೆ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಕಪ್ಪು ಗುಳಿ. ಆ ತೆಳು ತಗಡಿಗೆ ವೆಲ್ಡಿಂಗ್ ತಾಗಿಸಿದರೆ ಅದು ಕೂಡುವುದಿಲ್ಲ, ಉರಿದು ಇನ್ನೊಂದು ತೂತಾಗುತ್ತದೆ. ಬೆಳ್ಳನೆಯ, ಗುಳಿಯಿಲ್ಲದ ಲೋಹ ಸಿಗುವ ತನಕ ಕೊಯ್ಯಬೇಕು. ಸಂಜೆಯ ಹೊತ್ತಿಗೆ ಬಾಡಿಯಲ್ಲಿ ಉಳಿದದ್ದಕ್ಕಿಂತ ಅಂಗಳದಲ್ಲಿ ಬಿದ್ದದ್ದೇ ಹೆಚ್ಚಾಗಿತ್ತು.

ಪೇಟೆಯಿಂದ 16 ಗೇಜಿನ ಎರಡು ಸಿಆರ್ ಶೀಟು, ಅಂದರೆ ಲೇಪವಿಲ್ಲದ ಬರೀ ಉಕ್ಕಿನ ತಗಡು, ತಂದೆವು. ಎಂಟಡಿಗೆ ನಾಲ್ಕಡಿಯ ಒಂದು ಶೀಟು ಸುಮಾರು 37 ಕೆಜಿ ತೂಗುತ್ತದೆ. ಗೇಜು ಹೆಚ್ಚಿದಷ್ಟೂ ತಗಡು ತೆಳು, ಪಕ್ಕದ ಗೋಡೆಗೆ 18 ಗೇಜು ಸಾಕು. ಜಿಐ ಶೀಟು ತರೋಣ, ಸತುವಿನ ಲೇಪ ಇರುತ್ತದಲ್ಲ ಅಂತ ನಾನು ವಾದಿಸಿದ್ದೆ. ಭಾಯ್ ಒಪ್ಪಲಿಲ್ಲ. ಸತು ಕುದಿಯುವುದು 907 ಡಿಗ್ರಿಗೆ, ಕಬ್ಬಿಣ ಕರಗುವುದು 1,500ರ ಆಸುಪಾಸಿಗೆ. ಹಾಗಾಗಿ ಕಬ್ಬಿಣ ಕೂಡುವ ಮೊದಲೇ ಸತು ಬಿಳಿ ಹೊಗೆಯಾಗಿ ಮೂಗಿಗೆ ಬರುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಭಾಯ್‌ಗೆ ಪ್ರಾಯದಲ್ಲಿ ಹಲವು ಸಲ ಬಂದಿದೆಯಂತೆ. ಹಾಲು ಕುಡಿದರೆ ಹೋಗುತ್ತದೆ ಅನ್ನುವುದು ವೆಲ್ಡರುಗಳ ನಂಬಿಕೆ. ಹಾಲು ಕುಡಿದರೂ ಕುಡಿಯದಿದ್ದರೂ ಒಂದೆರಡು ದಿನಕ್ಕೆ ಇಳಿಯುವ ಜ್ವರ ಅದು, ಹಾಗಾಗಿ ಹಾಲಿಗೆ ಹೆಸರು. ಮುಖ್ಯ ಎಂದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟೇ ಹೋಗಿರುತ್ತದೆ, ನಮಗೆ ರಕ್ಷಣೆ ಬೇಕಿದ್ದದ್ದು ಆ ಜಾಗದಲ್ಲೇ.

ತೇಪೆಯ ಅಳತೆಗೆ ಹಳೆಯ ಕ್ಯಾಲೆಂಡರಿನ ಹಾಳೆ. ಕೊಯ್ದ ತೂತಿನ ಮೇಲೆ ಹಾಳೆ ಹಿಡಿದು ಮಸಿ ಮೆತ್ತಿದ ಹೆಬ್ಬೆರಳಲ್ಲಿ ಅಂಚು ಒತ್ತಿದರೆ ನಕ್ಷೆ ಮೂಡುತ್ತದೆ. ನಮ್ಮ ಎಡ ಚಕ್ರದ ಕಮಾನು ಹೀಗೆ ಹೋದ ವರ್ಷದ ಶ್ರಾವಣದಿಂದ ಹುಟ್ಟಿತು. ತಳದ ತಗಡು ಮಟ್ಟಸವಾಗಿದ್ದರೆ ಹೊರೆ ಬಿದ್ದಾಗ ಡಬ್ಬದ ಮುಚ್ಚಳದ ಹಾಗೆ ಪುಟಕ್ ಪುಟಕ್ ಅನ್ನುತ್ತದೆ. ಅದಕ್ಕೇ ಕಂಪನಿಯಿಂದ ಬರುವಾಗಲೇ ಉದ್ದುದ್ದ ಏಣು ಎತ್ತಿರುತ್ತಾರೆ. ಅವರಿಗೆ ಒಂದು ಪ್ರೆಸ್ಸಿನ ಏಟಿಗೆ ಆಗುವುದನ್ನು ಭಾಯ್ ಹೊನ್ನೆ ಮರದ ತುಂಡಿನಲ್ಲಿ ಕೊರೆದ ತೋಡಿನ ಮೇಲೆ ತಗಡಿಟ್ಟು, ಮೊಂಡು ಉಳಿಯಲ್ಲಿ ಅಂಗುಲ ಅಂಗುಲವಾಗಿ ಬಡಿದು ಎಬ್ಬಿಸಿದರು. ಮೂರು ದಿನ ಹಿಡಿಯಿತು. ಒಂದು ಏಣು ಚೂರು ಸೊಟ್ಟ ಹೋಗಿದೆ. ಅದು ನಾನು ಬಡಿದದ್ದು.

ವೆಲ್ಡಿಂಗ್ ಮಾಡುವುದನ್ನು ನೋಡುತ್ತಾ ಕೂತರೆ ಅಸಹನೆ ಬರುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲಿ ದೂರದಲ್ಲೊಂದು, ಮತ್ತೆ ಎದುರು ಬದಿಯಲ್ಲೊಂದು, ನಡುನಡುವೆ ಒದ್ದೆ ಬಟ್ಟೆ ಒತ್ತಿ ತಣಿಸುವುದು. ಒಂದೇ ಸಮ ಎಳೆದರೆ ಕಾದ ತಗಡು ಹಿಗ್ಗಿ, ಆರುವಾಗ ಇದ್ದಕ್ಕಿಂತ ಕುಗ್ಗಿ, ಅಲೆ ಅಲೆಯಾಗಿ ಏಳುತ್ತದೆ. ನಾನು ಹೊಸ ಹುರುಪಿನಲ್ಲಿ ಒಂದೂವರೆ ಅಡಿ ಒಂದೇ ಸಮ ಎಳೆದ ಜಾಗ ಸೌತೆಕಾಯಿ ಹಪ್ಪಳವಾಯಿತು. ಭಾಯ್ ಬಯ್ಯಲಿಲ್ಲ. ಉಬ್ಬಿದ ಕಡೆ ಗ್ಯಾಸಿನಲ್ಲಿ ನಾಲ್ಕಾಣೆಯಗಲ ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ, ತಟ್ಟನೆ ಒದ್ದೆ ಬಟ್ಟೆ ಒತ್ತಿದರು. ಉಬ್ಬು ಕಣ್ಣೆದುರೇ ಕೂತಿತು. ತಪ್ಪು ಮಾಡಿದ ಕಾವಿನಿಂದಲೇ ಅದನ್ನು ಸರಿ ಮಾಡಿದ್ದು ನೋಡಿ ನಾನು ಹಣೆ ಚಚ್ಚಿಕೊಂಡೆ.

ಇನ್ನು ನನ್ನ ಸ್ವಂತ ಪ್ರಯೋಗದ ಕಥೆ. ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಮೇಲೆ ಬ್ರಷ್ಷಿಗೆ ಸಿಗದ ಮೂಲೆಗಳಲ್ಲಿ ತುಕ್ಕು ಉಳಿದೇ ಉಳಿಯುತ್ತದೆ. ಅಂಥ ಕಡೆ ಹಚ್ಚಲು ಅಂಗಡಿಯಲ್ಲಿ ದ್ರಾವಣ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್. ಟ್ಯಾನಿನ್ ಅಂತ ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಹಂಡೆಯ ಚೊಗರು. ಹಸಿ ಅಡಿಕೆ ಬೇಯಿಸಿ ಬೇಯಿಸಿ ಉಳಿಯುವ ಆ ಕೆಂಪು ರಸ ಟ್ಯಾನಿನ್ನಿನ ಗಣಿ. ಕೆಂಪಡಿಕೆಗೆ ಬಣ್ಣ ಬರುವುದೇ ಅದರಿಂದ. ಅಡಿಕೆ ಸುಲಿದ ಕೈ ಮೆಟ್ಟುಗತ್ತಿಗೆ ತಾಗಿ ತಾಗಿ ಕಪ್ಪಾಗುವುದನ್ನು ನಮ್ಮ ಮನೆಯ ಹೆಂಗಸರು ನೋಡುತ್ತಲೇ ಬಂದಿದ್ದಾರೆ. ಹಿಂದೆ ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ವಿದ್ಯೆ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು, ಅದು ನೀರಿಗೆ ಬೇಗ ಹೋಗುವುದಿಲ್ಲ.

ಕೊಡದಲ್ಲಿ ಉಳಿದಿದ್ದ ಚೊಗರನ್ನು ಸೋಸಿ, ಚಾಸಿಯ ಒಂದು ಮೊಳಕ್ಕೆ ಬಳಿದೆ. ಹತ್ತು ನಿಮಿಷದಲ್ಲಿ ಕೆಂಪು ತುಕ್ಕು ನೀಲಿಗಪ್ಪಾಯಿತು. ನನಗೆ ಆದ ಸಂತೋಷ ಹೇಳತೀರದು. ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ವಾರ ಬಿಟ್ಟು ಅದರ ಮೇಲೆ ಪ್ರೈಮರ್ ಹೊಡೆದಾಗ ಪ್ರೈಮರ್ ಹಾಳೆ ಹಾಳೆಯಾಗಿ ಎದ್ದು ಬಂತು. ಚೊಗರಿನಲ್ಲಿ ಟ್ಯಾನಿನ್ ಒಂದೇ ಅಲ್ಲವಲ್ಲ, ಅಂಟು, ಸಿಹಿ, ಏನೇನೋ ಇರುತ್ತದೆ, ಬಣ್ಣಕ್ಕೆ ಹಿಡಿತವೇ ಸಿಗಲಿಲ್ಲ. ಅಷ್ಟನ್ನೂ ಮತ್ತೆ ಉಜ್ಜಿ, ಅಂಗಡಿಯ ಬಾಟಲಿಯದನ್ನೇ ಹಚ್ಚಿದೆ. ಅದು ಫಾಸ್ಫಾರಿಕ್ ಆಮ್ಲದ್ದು. ದೆಹಲಿಯ ಕಬ್ಬಿಣದ ಕಂಬ ತುಕ್ಕು ಹಿಡಿಯದೆ ನಿಂತಿರುವುದರಲ್ಲೂ ಆ ಹಳೆಯ ಕಬ್ಬಿಣದಲ್ಲಿದ್ದ ರಂಜಕದ (ಫಾಸ್ಫರಸ್) ಪಾತ್ರ ದೊಡ್ಡದು. ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳು ಪೊರೆಯೊಂದು ಕಟ್ಟಿಕೊಂಡಿದೆ.

ಕಂಬದ ಮಾತು ಬಂದದ್ದೇ ಅಪ್ಪಯ್ಯ ದೆಹಲಿ ಬಿಟ್ಟು ಕೊಡಚಾದ್ರಿ ಹಿಡಿದರು. ಮೇಲಿನ ಮೂಲ ಮೂಕಾಂಬಿಕೆ ಗುಡಿಯ ಎದುರಿಗೆ ಸುಮಾರು ನಲವತ್ತಡಿ ಎತ್ತರದ ಕಬ್ಬಿಣದ ಕಂಬ ಇದೆ. ದೆಹಲಿಯ ಒಣ ಹವೆಯಲ್ಲಿ ನಿಲ್ಲುವುದು ಏನು ಮಹಾ, ಆ ಮಂಜು ಆ ಮಳೆಯಲ್ಲಿ ನಿಂತು ತೋರಿಸಲಿ ಅನ್ನುವುದು ಅವರ ವಾದ. ಮಲೆನಾಡಿನ ಹೆಮ್ಮೆಯ ಪಾಲು ಕಳೆದು ನೋಡಿದರೂ ಮಾತಿನಲ್ಲಿ ತೂಕವಿದೆ. "ಆ ಕಬ್ಬಿಣದಲ್ಲಿ ಪಿಕಪ್ ಮಾಡಿದ್ರೆ ಇಂಜಿನ್ನು ಎಳೀತಿರ್ಲಿಲ್ಲ ಗೌಡ್ರೆ" ಅಂದರು ಭಾಯ್.

ನಮ್ಮ ಜಿಲ್ಲೆಯವರಿಗೆ ಕಬ್ಬಿಣ ದೂರದ ವಸ್ತುವೇನಲ್ಲ. ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಊರಿನ ಹೆಸರೇ ಹೇಳುತ್ತದೆ, ಕೆಮ್ಮಣ್ಣು. ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೂತದ್ದೇ ಆ ಕೆಂಪು. ಕುಲುಮೆಯಲ್ಲಿ ಇದ್ದಿಲು ಸುಟ್ಟು ಅವೆರಡನ್ನೂ ಬಿಡಿಸಿ ತಗಡು ಮಾಡಿದರೆ, ಮಳೆ ಅದನ್ನು ಮತ್ತೆ ಕೂಡಿಸುತ್ತದೆ. ಅಂಗಳದಲ್ಲಿ ಗುಡಿಸಿ ರಾಶಿ ಹಾಕಿದ ತುಕ್ಕಿನ ಪುಡಿಗೂ ಭೂಮಿ ಹುಣ್ಣಿಮೆಯ ಬುಟ್ಟಿಗೆ ಅಮ್ಮ ಬಳಿಯುವ ಕೆಮ್ಮಣ್ಣಿಗೂ ಬಣ್ಣದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ತಮಾಷೆ ಎಂದರೆ ತುಕ್ಕು ತಡೆಯಲು ನಾವು ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರಿಗೆ ಕೆಂಪು ಬರುವುದೂ ಅದೇ ಕಬ್ಬಿಣದ ಆಕ್ಸೈಡಿನಿಂದ. ಆಗಲೇ ತುಕ್ಕಾಗಿ ಹೋದದ್ದು ಇನ್ನು ತುಕ್ಕು ಹಿಡಿಯುವುದಿಲ್ಲ.

ನಾವು ಮಾತ್ರ ತಳಕ್ಕೆ ಎಪಾಕ್ಸಿ ಪ್ರೈಮರ್ ಎರಡು ಕೋಟು ಹೊಡೆದೆವು. ದುಬಾರಿ, ಆದರೆ ಬರೀ ರೆಡ್ ಆಕ್ಸೈಡು ನೀರನ್ನು ಅಷ್ಟು ತಡೆಯುವುದಿಲ್ಲ. ಕೂಡುಗೆರೆಗಳಿಗೆಲ್ಲ ಸೀಲೆಂಟು, ಅಡಿಭಾಗಕ್ಕೆ ಡಾಂಬರಿನಂಥ ಕಪ್ಪು ಕೋಟಿಂಗ್. ಬಣ್ಣದ ಬಗ್ಗೆ ಬರೆಯುವಂಥದ್ದೇನಿಲ್ಲ, ಬಿಳಿ. ಎಲ್ಲ ಸೇರಿ 38,000 ರೂಪಾಯಿ ಮುಗಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಯ್ ಅವರ ಕೂಲಿ, ಅದು ಕಡಿಮೆಯೇ ಆಯಿತು ಅಂತ ನನ್ನ ಲೆಕ್ಕ.

ಜಗಳ ಆದದ್ದು ಕೊನೆಯ ದಿನ. ಹೊಳೆಯುವ ಹೊಸ ತಳದ ನಾಲ್ಕು ಮೂಲೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಹಿಡಿದು ನಾನು ತೂತು ಕೊರೆಯುತ್ತಿದ್ದೆ. ಅಪ್ಪಯ್ಯ ಜಗಲಿಯಿಂದಲೇ ಕೂಗಿದರು.

"ಏ, ತೂತು ಮುಚ್ಚಾಕೆ ಒಂದು ತಿಂಗಳು ಬಡಿದಾತು, ಈಗ ನೀನೇ ತೂತು ಹೊಡೀತೀಯನಾ?"

ನೀರು ಹೋಗಬೇಕಲ್ಲ ಅಪ್ಪಯ್ಯ ಅಂದೆ. ಗಾಡಿ ಬರುವಾಗಲೇ ಅಲ್ಲಿ ತೂತಿದ್ದವು, ನೀವು ಹಾಸಿದ ಚೆಕರ್ ಪ್ಲೇಟು ಅವನ್ನೆಲ್ಲ ಮುಚ್ಚಿತ್ತು ಅಂತಲೂ ಹೇಳಿದೆ. ಹೇಳಬಾರದಿತ್ತೇನೋ. ಅವರು ಎರಡು ದಿನ ನನ್ನ ಹತ್ತಿರ ಗಾಡಿಯ ವಿಷಯ ಎತ್ತಲಿಲ್ಲ. ಮೂರನೆಯ ದಿನ ನೋಡಿದರೆ ಎಡಮೂಲೆಯಲ್ಲಿ ಅಡಿಕೆ ದಬ್ಬೆಯ ಒಂದು ಪೀಠ. ಮೇಲೆ ಹಳೆಯ ರಬ್ಬರ್ ಟಬ್ಬು, ಟಬ್ಬಿನೊಳಗೆ ಔಷಧಿ ಡ್ರಮ್ಮು ಸರಿಯಾಗಿ ಕೂರುತ್ತದೆ. ಯಾರು ಮಾಡಿದ್ದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ರಾತ್ರಿಯಿಡೀ ಹೊಯ್ದು ಬೆಳಗ್ಗೆ ಸ್ವಲ್ಪ ಹೊಳವಾದಾಗ ನಾನು ಹಲ್ಲುಜ್ಜುತ್ತಾ ಹೊರಗೆ ಬಂದೆ. ಅಪ್ಪಯ್ಯ ಆಗಲೇ ಕಂಬಳಿ ಕೊಪ್ಪೆ ಹಾಕಿಕೊಂಡು ಪಿಕಪ್ಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅಡಿಗೆ ಇಣುಕುತ್ತಿದ್ದರು.

"ಮೂರರಲ್ಲಿ ಬರ್ತಾ ಇದೆ. ನಾಕನೇದ್ರಲ್ಲಿ ಬರ್ತಾ ಇಲ್ಲ. ದರಕು ಸಿಕ್ಕಿರ್ಬೇಕು" ಅಂದವರೇ ಎದ್ದು, ಹಿಡಿಸುಡಿಯಿಂದ ಒಂದು ಕಡ್ಡಿ ಎಳೆಯಲು ಕೊಟ್ಟಿಗೆಯ ಕಡೆ ನಡೆದರು.